ನಿಮ್ಮ ಮೂಲ ಯಾವ ಊರು?

ನಮ್ಮ ಶಿವಮೊಗ್ಗದ ಸೀಮೆಯಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಅಪರಿಚಿತರು, ಎಲೆಗೆ ಉಪ್ಪು ಬೀಳುವುದರೊಳಗಾಗಿ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ, “ತಮ್ಮ ಮೂಲ ಯಾವ ಊರು?” ಎಂಬುದು. ಈಗಿರುವ ಮನೆ ಯಾವ ಬೀದಿಯಲ್ಲಿದೆ ಎಂಬುದು ಆಮೇಲಿನ ಮಾತು. ಮೂಲದ ಊರು ತಿಳಿದರೆ ಮನುಷ್ಯ ಅರ್ಧ ಪರಿಚಯವಾದಂತೆ. ಆದರೆ ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಎಷ್ಟರಮಟ್ಟಿಗೆ ನಿಜ? ಅದನ್ನು ನಾವು ಹೇಗೆ ಬಲ್ಲೆವು? ಇದನ್ನು ತಮ್ಮೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನನ್ನ ಆಸೆ.

ನಾನು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುವವನು. ಒಮ್ಮೆ ಮಕ್ಕಳಿಗೆ, “ನಿಮ್ಮ ಅಜ್ಜನ ತಂದೆಯ ಹೆಸರು, ಅವರು ಹುಟ್ಟಿದ ಊರು, ಇವೆರಡನ್ನೂ ಮನೆಯಲ್ಲಿ ಕೇಳಿ ಬರೆದು ತನ್ನಿ” ಎಂದೆ. ಮಾರನೆಯ ದಿನ ಊರಿನ ಹೆಸರು ಬರೆದುತಂದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರದು, “ತಮಿಳು ಕಡೆಯಿಂದ ಬಂದರಂತೆ”, “ಆಂಧ್ರದವರಂತೆ”, “ಬಯಲುಸೀಮೆಯವರಂತೆ” ಎಂಬ ಅಂತೆಗಳು. ಒಬ್ಬ ಹುಡುಗಿ ಮಾತ್ರ ಪುಟ ತುಂಬ ಬರೆದಿದ್ದಳು. ತಮ್ಮ ಪೂರ್ವಿಕರು ತಂಜಾವೂರಿನ ಅರಸರ ದಳಪತಿಗಳಾಗಿದ್ದರೆಂದೂ ಶತ್ರುಗಳಿಗೆ ಸಿಕ್ಕದೆ ಕತ್ತಿಯೊಡನೆ ಮಲೆನಾಡಿಗೆ ಬಂದರೆಂದೂ ಅವಳ ಬರಹ. ಆ ಹುಡುಗಿಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮಕ್ಕಳಿಗೆ ತಿಳಿಯದಿದ್ದುದು ಅವರ ತಪ್ಪಲ್ಲ. ಭದ್ರಾವತಿ ದೇಶಾಂತರದವರು ಬಂದು ಕಟ್ಟಿದ ಊರು. ಇದರ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹನ ಗುಡಿಯನ್ನು ನೋಡಿದರೆ ಊರು ಹಳೆಯದೆಂಬುದೇನೋ ನಿಜ. ಆದರೆ ಇಂದಿನ ಭದ್ರಾವತಿ ಹುಟ್ಟಿದುದು 1918ರಲ್ಲಿ ಮೈಸೂರು ಸಂಸ್ಥಾನವು ಭದ್ರಾನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದಾಗ. 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬರಬೇಕು, ಮಲೆನಾಡಿನ ಮರವನ್ನು ಸುಟ್ಟು ಇದ್ದಿಲು ಮಾಡಬೇಕು, ಕುಲುಮೆಗೆ ಹಗಲಿರುಳೂ ಜನ ಬೇಕು. ಕನ್ನಡದ ಬಯಲುಸೀಮೆಯವರು, ತಮಿಳರು, ತೆಲುಗರು, ಮಲಯಾಳಿಗಳು ಎಲ್ಲರೂ ಬಂದರು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪಿತವಾದಾಗ ಮತ್ತಷ್ಟು ಮಂದಿ ಬಂದರು. ಬಂದವರಿಗೆ ದುಡಿಯುವುದಕ್ಕೆ ಪುರುಸೊತ್ತಿತ್ತೇ ಹೊರತು ಕಥೆ ಬರೆದಿಡುವುದಕ್ಕೆ ಇರಲಿಲ್ಲ.

ಮೂಲವನ್ನು ಹುಡುಕುವ ಈ ಹಂಬಲ ನಮಗೆ ಮಾತ್ರ ಸೇರಿದುದಲ್ಲ. ಸಮುದ್ರ ದಾಟಿ ಹೋದ ಒಂದು ಜನಾಂಗ ಇದರಲ್ಲಿ ಪಟ್ಟ ಪಾಡು ನಮಗೂ ಪಾಠವಾಗಬಲ್ಲುದು. 1607ರಲ್ಲಿ ಇಂಗ್ಲಿಷರು ಅಮೆರಿಕದ ವರ್ಜೀನಿಯದಲ್ಲಿ ಜೇಮ್ಸ್‌ಟೌನ್ ಎಂಬ ನೆಲೆಯನ್ನು ಕಟ್ಟಿದರು. 1620ರಲ್ಲಿ ‘ಮೇಫ್ಲವರ್’ ಎಂಬ ಹಡಗಿನಲ್ಲಿ ನೂರೆರಡು ಮಂದಿ ಪ್ಲಿಮತ್ತಿಗೆ ಬಂದಿಳಿದರು. ಮೊದಲ ಚಳಿಗಾಲದಲ್ಲಿಯೇ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡರು. ಆದರೂ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು 20,000 ಜನ ಇಂಗ್ಲೆಂಡಿನಿಂದ ಆ ಸೀಮೆಗೆ ಹೋದರು. ಇವರಲ್ಲಿ ರೈತರು, ಬಡಗಿಗಳು, ನೇಯ್ಗೆಯವರು, ಪಾದ್ರಿಗಳು ಎಲ್ಲರೂ ಇದ್ದರು. ಕಾಡು ಕಡಿದು ಮನೆಕಟ್ಟುವ ಗದ್ದಲದಲ್ಲಿ ಇಂಥ ಹಳ್ಳಿಯಿಂದ ಬಂದೆವೆಂದು ಬರೆದಿಟ್ಟವರು ಕಡಮೆ.

ಇನ್ನೂರು ವರ್ಷ ಕಳೆಯಿತು. ಮೊಮ್ಮಕ್ಕಳ ಮೊಮ್ಮಕ್ಕಳು ಶ್ರೀಮಂತರಾದರು. ಆಗ ಅವರಿಗೆ ಮೂಲ ಬೇಕಾಯಿತು. 1845ರಲ್ಲಿ ಬಾಸ್ಟನ್ ನಗರದಲ್ಲಿ ವಂಶಚರಿತ್ರೆಯ ಶೋಧನೆಗಾಗಿಯೇ ಒಂದು ಸಂಘ ಹುಟ್ಟಿತು. ಅದು ಈಗಲೂ ನಡೆಯುತ್ತಿದೆ. ಆದರೆ ಬೇಡಿಕೆಯಿದ್ದಲ್ಲಿ ಕಳ್ಳಸರಕೂ ಬರುತ್ತದಷ್ಟೆ. ಹೆಸರು ಒಂದೇ ಇದ್ದುದನ್ನು ಹಿಡಿದುಕೊಂಡು ಬಡ ರೈತನ ಮನೆತನವನ್ನು ಇಂಗ್ಲೆಂಡಿನ ದೊಡ್ಡ ಸರದಾರರ ಮನೆತನಕ್ಕೆ ಕಸಿಮಾಡಿದ ವಂಶಾವಳಿಗಳು ಹೊರಟವು. ಗುಸ್ತಾವ್ ಆಂಜೂ ಎಂಬಾತನಂತೂ ಹಣ ಪಡೆದು ಸುಳ್ಳು ವಂಶಾವಳಿಗಳನ್ನು ಸೃಷ್ಟಿಸಿಕೊಟ್ಟ. ಆತ 1942ರಲ್ಲಿ ತೀರಿಕೊಂಡ. ಆತ ಕಲ್ಪಿಸಿದ ಪೂರ್ವಿಕರನ್ನು ಪುಸ್ತಕಗಳಿಂದ ಹೊರಗೆ ಹಾಕುವುದು ಮಾತ್ರ ಶೋಧಕರಿಗೆ ಬಹುಕಾಲದ ತಲೆನೋವಾಯಿತು.

ಇದರ ಎದುರಿಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೆಸರನ್ನು ಕೇಳದವರಿಲ್ಲ. ಆ ಹೆಸರಿನ ಜಾನ್ ಹಾರ್ವರ್ಡ್ 1637ರಲ್ಲಿ ಅಮೆರಿಕಕ್ಕೆ ಹೋದ ತರುಣ ಪಾದ್ರಿ. ಮರುವರ್ಷವೇ ಕ್ಷಯದಿಂದ ಮಡಿದ. ಮಡಿಯುವಾಗ ತನ್ನ ಆಸ್ತಿಯ ಅರ್ಧವನ್ನೂ ಸುಮಾರು 400 ಗ್ರಂಥಗಳನ್ನೂ ಹೊಸದಾಗಿ ಹುಟ್ಟಿದ್ದ ಒಂದು ವಿದ್ಯಾಲಯಕ್ಕೆ ಕೊಟ್ಟ. ಆತ ಯಾರ ಮಗ, ಯಾವ ಊರಿನವನು ಎಂಬುದು ಮಾತ್ರ ಇನ್ನೂರೈವತ್ತು ವರ್ಷ ಬಿಡಿಸದ ಒಗಟಾಗಿತ್ತು. ಹೆನ್ರಿ ವಾಟರ್ಸ್ ಎಂಬ ಅಮೆರಿಕದ ವಿದ್ವಾಂಸ ಲಂಡನ್ನಿನಲ್ಲಿ ಹಳೆಯ ಮರಣಶಾಸನಗಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಓದಿ, 1885ರಲ್ಲಿ ಉತ್ತರ ಪ್ರಕಟಿಸಿದ. ಜಾನ್, ಲಂಡನ್ನಿಗೆ ಸೇರಿದ ಸದರ್ಕಿನ ಮಾಂಸದ ವ್ಯಾಪಾರಿಯ ಮಗ. 1607ರ ನವೆಂಬರಿನಲ್ಲಿ ಅಲ್ಲಿಯ ಇಗರ್ಜಿಯಲ್ಲಿ ಅವನ ನಾಮಕರಣವಾಗಿತ್ತು. 1625ರ ಪ್ಲೇಗು ತಂದೆಯನ್ನೂ ಒಡಹುಟ್ಟಿದವರಲ್ಲಿ ಹಲವರನ್ನೂ ಒಯ್ದಿತ್ತು. ಉಳಿದ ಮಗನನ್ನು ಕೇಂಬ್ರಿಜ್ಜಿನಲ್ಲಿ ಓದಿಸಿದವಳು ತಾಯಿ ಕ್ಯಾಥರೀನ್. ವಾಟರ್ಸ್‌ಗೆ ದಾರಿ ತೋರಿದ ಕಾಗದಗಳಲ್ಲಿ ಆ ತಾಯಿಯ ಮರಣಶಾಸನವೂ ಒಂದು.

ಸರದಾರನೂ ಇಲ್ಲ, ಕತ್ತಿಯೂ ಇಲ್ಲ. ಹೀಗೆಂದು ಆ ವಿಶ್ವವಿದ್ಯಾಲಯದ ಗೌರವ ಕುಂದಿತೇ? ಮಕ್ಕಳನ್ನು ಪ್ಲೇಗಿಗೆ ಕೊಟ್ಟ ಒಬ್ಬ ತಾಯಿ ಉಳಿದ ಮಗನಿಗೆ ವಿದ್ಯೆ ಕೊಡಿಸಿದಳೆಂಬುದು ಸುಳ್ಳು ಸರದಾರನಿಗಿಂತ ದೊಡ್ಡ ಮಾತೇ ಸರಿ. ಇದನ್ನು ಉಳಿಸಿಕೊಟ್ಟುದು ವಂಶಾವಳಿಯಲ್ಲ, ಆಸ್ತಿ ಹಂಚಲು ಬರೆದ ಪತ್ರ ಮತ್ತು ನಾಮಕರಣ, ಮದುವೆ, ಸಾವುಗಳನ್ನು ಪ್ರತಿ ಇಗರ್ಜಿಯಲ್ಲಿಯೂ ಬರೆದಿಡಬೇಕೆಂಬ 1538ರ ಅಪ್ಪಣೆಯಂತೆ ಇಟ್ಟ ದಫ್ತರ. ಮೊಮ್ಮಕ್ಕಳನ್ನು ಮೆಚ್ಚಿಸುವುದಕ್ಕಾಗಿ ಬರೆದುದಲ್ಲವಾದ್ದರಿಂದಲೇ ಅವು ನಂಬಿಕೆಗೆ ಅರ್ಹ.

“ನಮ್ಮಲ್ಲಿ ಅಂಥ ದಫ್ತರವೆಲ್ಲಿದೆ ಸ್ವಾಮಿ?” ಎಂದು ತಾವು ಕೇಳಬಹುದು. ಇದೆ. ನಾಡಿನ ಬಡಗಣ ಸೀಮೆಯಲ್ಲಿ ಹೆಳವರೆಂಬವರಿದ್ದಾರೆ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ತಮ್ಮ ಒಕ್ಕಲು ಮನೆಗಳ ಬಾಗಿಲಿಗೆ ಬಂದು, ಆ ಮನೆತನದ ತಲೆಮಾರುಗಳ ಹೆಸರನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ದವಸಧಾನ್ಯ ಪಡೆದು ಹೋಗುವುದು ಅವರ ಕುಲವೃತ್ತಿ. ಆದರೆ ಹೆಳವನ ಎತ್ತು ನಡೆಯುವುದು ಒಕ್ಕಲಿರುವ ಹಳ್ಳಿಗೆ. ಊರು ಬಿಟ್ಟು ಕಾರ್ಖಾನೆಗೆ ಬಂದವನ ಮಕ್ಕಳ ಹೆಸರು ಅವನ ಹೊತ್ತಗೆಯನ್ನು ಸೇರುವುದು ಕಷ್ಟ.

ಇನ್ನು ಕಲ್ಲಿನ ದಫ್ತರ. ಬಿ. ಎಲ್. ರೈಸ್ ಅವರು ನಮ್ಮ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳಲ್ಲಿ 1902ರಲ್ಲಿಯೂ 1904ರಲ್ಲಿಯೂ ಅಚ್ಚುಹಾಕಿಸಿದರು. ಅಗ್ರಹಾರದ ದಾನಶಾಸನಗಳಲ್ಲಿ ದಾನ ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆ, ವೃತ್ತಿಗಳ ಪಾಲು ಎಲ್ಲವನ್ನೂ ಕಾಣಬಹುದು. ವೀರಗಲ್ಲುಗಳಲ್ಲಿ ತುರುಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನ ಹೆಸರೂ ಸಿಕ್ಕುತ್ತದೆ. ಕಲ್ಲಾಗಲಿ ಕಾಗದವಾಗಲಿ ಇಲ್ಲದಲ್ಲಿ ನಾಲಗೆಯೇ ಸಾಕ್ಷಿ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಮತ್ತೂರು, ಹೊಸಹಳ್ಳಿಗಳ ಸಂಕೇತಿಗಳು ತಾವು ಶೆಂಗೋಟ್ಟೈ ಕಡೆಯಿಂದ ಬಂದವರೆನ್ನುತ್ತಾರೆ. ತಮಿಳು, ಮಲಯಾಳಗಳ ಛಾಯೆಯುಳ್ಳ ಅವರ ಮನೆಮಾತು ಶತಮಾನಗಳ ತರುವಾಯವೂ ಆ ಮಾತಿಗೆ ಹೂಂಗುಟ್ಟುತ್ತದೆ.

ಆದರೆ ಕಲ್ಲಿನ ಮೇಲಿದ್ದುದೆಲ್ಲ ವೇದವಾಕ್ಯವಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನೇ ನೋಡಿ. ಅಲ್ಲಿ ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ರಚಿಸಿದ ಕಂಬದ ಶಾಸನವಿದೆ. ಮಾನವ್ಯಗೋತ್ರದ ಕದಂಬರ ಮನೆಯ ಬಳಿ ಕದಂಬ ವೃಕ್ಷವಿತ್ತು. ಮಯೂರಶರ್ಮ ಓದಲು ಕಂಚಿಗೆ ಹೋದ. ಪಲ್ಲವರ ರಾವುತನೊಡನೆ ಜಗಳವಾಗಿ ಕತ್ತಿ ಹಿಡಿದ. ಇಷ್ಟು ಅದರ ಕಥೆ. ಅದೇ ಊರಿನಲ್ಲಿ ಶತಮಾನಗಳ ತರುವಾಯ ಹುಟ್ಟಿದ ಇನ್ನೊಂದು ಶಾಸನ, ಮುಕ್ಕಣ್ಣ ಕದಂಬನು ಉತ್ತರದ ಅಹಿಚ್ಛತ್ರದಿಂದ ಮೂವತ್ತೆರಡು ಕುಲಗಳ ಹನ್ನೆರಡು ಸಾವಿರ ಬ್ರಾಹ್ಮಣರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನೆಂದು ಹೇಳುತ್ತದೆ. ಹಳೆಯ ಶಾಸನಕ್ಕೆ ಈ ಸಂಗತಿಯೇ ಗೊತ್ತಿಲ್ಲ! ಅದೂ ಅರಸನನ್ನು ಹೊಗಳುವ ಕಾವ್ಯವೇ ಹೌದು. ಆದರೂ ಘಟನೆಗೆ ಹತ್ತಿರದ್ದು ಚಿಕ್ಕ ಕಥೆ ಹೇಳುತ್ತದೆ, ದೂರದ್ದು ದೊಡ್ಡ ಕಥೆ ಹೇಳುತ್ತದೆ. ನದಿ ದೂರ ಹರಿದಷ್ಟೂ ಅಗಲವಾಗುವುದಿಲ್ಲವೇ, ಮೂಲದ ಕಥೆಯೂ ಹಾಗೆಯೇ.

ಮೂಲ ಚಿಕ್ಕದೆಂದು ನಾಚಬೇಕಾದುದಿಲ್ಲ ಎಂಬುದಕ್ಕೂ ಸಾಕ್ಷಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಇನ್ನೂರೈವತ್ತು ವರ್ಷಕ್ಕೂ ಮಿಕ್ಕಿ, 1763ರವರೆಗೆ, ಆಳಿದ ಕೆಳದಿಯ ಅರಸರ ಚರಿತ್ರೆಯನ್ನು ಲಿಂಗಣ್ಣ ಕವಿ ‘ಕೆಳದಿನೃಪವಿಜಯ’ವಾಗಿ ಬರೆದ. ಆ ವಂಶದ ಮೂಲಪುರುಷರಾದ ಚೌಡಪ್ಪ, ಭದ್ರಪ್ಪರು ಆರಂಬಗಾರರ ಮಕ್ಕಳು. ನೇಗಿಲ ಮನೆಯಿಂದ ಬಂದೆವೆಂಬುದನ್ನು ಆ ಅರಸರು ಮರೆಮಾಚಲಿಲ್ಲ.

ಈಗ ಆ ಹುಡುಗಿಯ ವಿಷಯ. ಅವಳ ಮನೆಗೆ ಹೋದೆ. ಹಳೆಯ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಒಂದು ತಮಿಳು ಕಾರ್ಡು ಇತ್ತು. ಕನ್ನಡದಲ್ಲಿಯೇ ಓದಿದ ಆ ಮನೆಯವರಿಗೆ ತಮಿಳು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. “ಗೆದ್ದಲು ಹಿಡಿದಿದೆ ಸಾರ್, ರದ್ದಿಗೆ ಹಾಕಬೇಕೂಂತ ಇದ್ವಿ” ಎಂದರು. ತಮಿಳು ಬಲ್ಲ ನಿವೃತ್ತ ಕಾರ್ಮಿಕರೊಬ್ಬರಿಂದ ಓದಿಸಿದೆವು. ಅದು ಹುಡುಗಿಯ ಮುತ್ತಜ್ಜನಿಗೆ ಅವನ ತಾಯಿ ಯಾರಿಂದಲೋ ಬರೆಯಿಸಿದ್ದು. ಮಳೆ ಹೋಯಿತು, ಜೋಡಿ ಎತ್ತಿನಲ್ಲಿ ಒಂದನ್ನು ಮಾರಿದೆವು, ಆದರೆ ಎರಡು ರೂಪಾಯಿ ಕಳಿಸು. ಅಲ್ಲಿ ಬೆಂಕಿಯ ಬಳಿ ಕೆಲಸವಂತೆ, ಕಣ್ಣು ಜೋಪಾನ. ಅಂಚೆಯ ಮುದ್ರೆ ಧರ್ಮಪುರಿಯದು, ಇಸವಿ 1938. ತಂಜಾವೂರೂ ಇಲ್ಲ, ದಳಪತಿಯೂ ಇಲ್ಲ.

ಹುಡುಗಿಯ ಮುಖ ಬಾಡಿತೆಂಬುದು ನಿಜ. ಸ್ವಲ್ಪ ಹೊತ್ತಾದಮೇಲೆ, “ಸಾರ್, ಆ ಅಜ್ಜಿಯ ಹೆಸರೇನು?” ಎಂದು ಕೇಳಿದಳು. ಕಾರ್ಡಿನಲ್ಲಿ ‘ಅಮ್ಮ’ ಎಂದಷ್ಟೇ ಇತ್ತು. ಮನೆಯಲ್ಲಿ ಯಾರಿಗೂ ಹೆಸರು ತಿಳಿದಿರಲಿಲ್ಲ. ಹತ್ತು ವರ್ಷದ ಹಿಂದೆ ಕೇಳಿದ್ದರೆ ಹೇಳುವವರು ಆ ಮನೆಯಲ್ಲಿಯೇ ಇದ್ದರು.

ಅವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಲ್ಲಿಯದು! ನಮ್ಮ ಅಜ್ಜ ಶಾನುಭೋಗಿಕೆ ಮಾಡಿದವರು. ಅವರ ಕಡತಗಳು, ಎಂದರೆ ಇದ್ದಿಲ ಸರಿ ಬಳಿದ ಬಟ್ಟೆಯ ಮಡಿಕೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕಗಳು, ಒಂದು ಮೂಟೆಯಷ್ಟಿದ್ದವು. ಅಜ್ಜ ಹೋದ ವರ್ಷ ಮನೆ ಬದಲಿಸುವಾಗ, ವಿದ್ಯೆಯನ್ನು ಕಸಕ್ಕೆ ಹಾಕಬಾರದೆಂಬ ಭಕ್ತಿಯಿಂದ, ಆ ಮೂಟೆಯನ್ನು ತುಂಗೆಗೆ ಬಿಟ್ಟೆವು. ಹೊತ್ತವನು ನಾನೇ. ಮುಂದೆ ಪಂಡಿತ ಪರೀಕ್ಷೆಗೆ ಕುಳಿತು ಹಳಗನ್ನಡದ ಪಾಠಾಂತರಗಳನ್ನು ಬಾಯಿಪಾಠ ಮಾಡಿದೆ. ನಮ್ಮ ಮನೆಯ ಪಾಠ ಮಾತ್ರ ಹೊಳೆಯ ಪಾಲಾಗಿತ್ತು.

ಈಗ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಸಂದವು. ಕಾರ್ಖಾನೆಯ ದುಡಿಮೆ ಮುಗಿಸಿದ ಮನೆಗಳು ಬೆಂಗಳೂರಿಗೆ, ಅಲ್ಲಿಂದ ಹೊರದೇಶಕ್ಕೆ ಹೊರಟಿವೆ. ಆ ಜಾನ್ ಹಾರ್ವರ್ಡನ ಅಮೆರಿಕಕ್ಕೇ ನಮ್ಮ ಮಕ್ಕಳು ಹೋಗಿದ್ದಾರೆ. ಮನೆ ಖಾಲಿಮಾಡುವ ದಿನ ಮೊದಲು ಹೊರಗೆ ಬೀಳುವುದು ಹಳೆಯ ಪೆಟ್ಟಿಗೆ.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಈ ರಾತ್ರಿ ವಾರ್ತೆ ಮುಗಿದು ರೇಡಿಯೋ ನಿಂತಮೇಲೆ, ಮನೆಯ ಹಿರಿಯರ ಬಳಿ ಒಂದು ನೋಟುಪುಸ್ತಕ ಹಿಡಿದು ಕುಳಿತುಕೊಳ್ಳಿ. ಅವರ ತಂದೆಯ ಹೆಸರಿನೊಡನೆ ತಾಯಿಯ ಹೆಸರನ್ನೂ ಆಕೆಯ ತವರೂರನ್ನೂ ಕೇಳಿ. ವಂಶಾವಳಿಗಳು ಮರೆಯುವುದು ಹೆಂಗಸರನ್ನೇ. ಊರಿನ ಹೆಸರಿನೊಡನೆ ಹತ್ತಿರದ ಪೇಟೆಯ ಹೆಸರನ್ನು ಕೇಳಿ. ಇಸವಿ ನೆನಪಿಲ್ಲದಿದ್ದರೆ ಯಾವ ಬರಗಾಲ, ಯಾವ ನೆರೆ, ಯಾರ ಮದುವೆಯ ವರ್ಷ ಎಂದು ಕೇಳಿ. ಹೇಳಿದಂತೆಯೇ ಬರೆಯಿರಿ, ತಿದ್ದಬೇಡಿ. ದಳಪತಿ ಬಂದರೆ ಅವನನ್ನೂ ಬರೆಯಿರಿ; ಆದರೆ ಹೇಳಿದವರು ಯಾರು, ಯಾವ ದಿನ ಎಂಬುದನ್ನು ಕೆಳಗೆ ಬರೆಯುವುದನ್ನು ಮರೆಯಬೇಡಿ. ಓದಲು ಬಾರದ ಲಿಪಿಯ ಕಾಗದ ಸಿಕ್ಕಿದರೆ ರದ್ದಿಗೂ ಬೇಡ, ಹೊಳೆಗೂ ಬೇಡ. ಓದಬಲ್ಲವರು ನಿಮ್ಮ ಬೀದಿಯಲ್ಲಿಯೇ ಇರಬಹುದು.

ಮದುವೆಯ ಪಂಕ್ತಿಯಲ್ಲಿ ಆ ಪ್ರಶ್ನೆ ಮತ್ತೆ ಬಂದೇ ಬರುತ್ತದೆ. ಆಗ ನಿಮ್ಮ ಮೊಮ್ಮಗಳು “ಅಂತೆ” ಎನ್ನದೆ ಒಂದು ಊರಿನ ಹೆಸರನ್ನೂ ಒಬ್ಬ ಅಜ್ಜಿಯ ಹೆಸರನ್ನೂ ಹೇಳುವಂತಾಗಲಿ.