ದುರ್ಬಲ ಕೈಯ ಸವಾಲು
ಜೋಡಿಯಾಗಿ ಆಡುವ ಇಸ್ಪೀಟಾಟಗಳಲ್ಲಿ, ಕೈಯಲ್ಲಿ ಬಲವಾದ ಎಲೆಗಳಿಲ್ಲದಿದ್ದರೂ ಎದುರಾಳಿಗಳ ಕೂಗಿನ ಮೇಲೆ ಕೂಗಬೇಕೆ, ಕೂಗುವುದಾದರೆ ಇರುವ ಎರಡು ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬ ತೀರ್ಮಾನಕ್ಕೆ ಈ ಹೆಸರು ಸಲ್ಲುತ್ತದೆ. ಕಾಂಟ್ರಾಕ್ಟ್ ಬ್ರಿಜ್‌ನಲ್ಲಿ ಇದೊಂದು ಶಾಸ್ತ್ರವಾಗಿಯೇ ಬೆಳೆದಿದೆ. ಮಲೆನಾಡಿನ ಇಪ್ಪತ್ತೆಂಟರ ಆಟದಲ್ಲಿ ಲೆಕ್ಕದ ಕ್ರಮ ಬೇರೆಯಾದುದರಿಂದ ಅದು ಬೇರೆ ಜಾಡು ಹಿಡಿದಿದೆ.

ಬ್ರಿಜ್‌ನ ಮೂಲವಾದ ವಿಸ್ಟ್ ಆಟದಲ್ಲಿ ಸವಾಲೇ ಇರಲಿಲ್ಲ. ಆದರೂ ದುರ್ಬಲ ಕೈಗೊಂದು ಹೆಸರು ಉಳಿದುಬಂದಿದೆ: ಒಂಬತ್ತಕ್ಕಿಂತ ಮೇಲಿನ ಒಂದೆಲೆಯೂ ಇಲ್ಲದ ಹದಿಮೂರು ಎಲೆಗಳ ಕೈಗೆ ಇಂದಿಗೂ ಯಾರ್ಬರೊ ಎನ್ನುವುದು, ಅಂಥ ಕೈ ಬರುವುದಿಲ್ಲವೆಂದು ಒಂದಕ್ಕೆ ಸಾವಿರದಂತೆ ಪಣ ಒಡ್ಡುತ್ತಿದ್ದ ಅದೇ ಹೆಸರಿನ ಇಂಗ್ಲಿಷ್ ಕುಲೀನನಿಂದ. ನಿಜವಾದ ಸಂಭವ ಒಂದಕ್ಕೆ 1,827ರಷ್ಟಿರುವುದರಿಂದ ಆತನ ವ್ಯಾಪಾರದಲ್ಲಿ ನಷ್ಟದ ಭಯ ಕಡಿಮೆಯಿತ್ತು. 1890ರ ದಶಕದಲ್ಲಿ ಲಂಡನ್ನಿನ ಕ್ಲಬ್ಬುಗಳಿಗೆ ಬಂದ ಬ್ರಿಜ್‌ನಲ್ಲಿ ಎಲೆ ಹಂಚಿದವನು ಅಥವಾ ಅವನ ಜೊತೆಗಾರ ತುರುಫು ಹೇಳುತ್ತಿದ್ದನೇ ಹೊರತು ಎರಡು ಕಡೆಯವರೂ ಅದಕ್ಕಾಗಿ ಪೈಪೋಟಿ ನಡೆಸುವ ಕ್ರಮವಿರಲಿಲ್ಲ. ಆ ಪೈಪೋಟಿ, ಎಂದರೆ ಆಕ್ಷನ್ ಬ್ರಿಜ್, ಭಾರತದ ಒಂದು ಗಿರಿಧಾಮದಲ್ಲಿ ನಾಲ್ಕನೆಯ ಆಟಗಾರ ಸಿಗದೆ ಕುಳಿತ ಬ್ರಿಟಿಷ್ ಅಧಿಕಾರಿಗಳಿಂದ ಹುಟ್ಟಿತೆಂದು ಪ್ರತೀತಿಯಿದೆ. ಅದರ ವಿವರಣೆ 1903ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂದಿತು. ಆಕ್ಷನ್‌ನಲ್ಲಿ ಕೂಗದೆ ಗೆದ್ದ ಟ್ರಿಕ್‌ಗಳೂ, ಎಂದರೆ ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತಿನ ಗೆಲುವುಗಳೂ, ಪಂದ್ಯದ ಅಂಕಕ್ಕೆ ಸೇರುತ್ತಿದ್ದುದರಿಂದ ಎತ್ತರಕ್ಕೆ ಕೂಗುವ ಅಗತ್ಯ ಬೀಳುತ್ತಿರಲಿಲ್ಲ. ಕೂಗಿದಷ್ಟೇ ಲೆಕ್ಕ ಎಂಬ ನಿಯಮವನ್ನು 1912ರಲ್ಲಿ ಪುಣೆಯಲ್ಲಿ ಹ್ಯೂ ಕ್ಲೇಟನ್ ಮತ್ತು ಆತನ ಮೂವರು ಗೆಳೆಯರು ಎಸ್‌ಎಸಿಸಿ ಎಂಬ ಹೆಸರಿನಲ್ಲಿ ಆಡಿ ನೋಡಿದ್ದರು. ಧಾರವಾಡ, ಬೆಳಗಾವಿ, ಉತ್ತರ ಕನ್ನಡಗಳೂ ಸೇರಿದ್ದ ಮುಂಬಯಿ ಪ್ರಾಂತದಲ್ಲೇ ಈ ಪ್ರಯೋಗ ನಡೆಯಿತು.

ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರ ಶರತ್ಕಾಲದಲ್ಲಿ ಪನಾಮಾ ಕಾಲುವೆಯ ಮೂಲಕ ಸಾಗಿದ ಹಡಗಿನಲ್ಲಿ ಹೊಸ ಅಂಕಪಟ್ಟಿಯನ್ನು ಜೊತೆಯವರೊಡನೆ ಆಡಿ ಪರೀಕ್ಷಿಸಿದ. ಅಲ್ಲಿಂದ ಆರಂಭವಾದ ಕಾಂಟ್ರಾಕ್ಟ್ ಬ್ರಿಜ್‌ನಲ್ಲಿ ಗೊತ್ತಾದ ಅಂಕ ಮುಟ್ಟುವ ಕೂಗಿನ ಗೆಲುವಿಗೆ, ಎಂದರೆ ಗೇಮ್‌ಗೆ, ದೊಡ್ಡ ಬಹುಮಾನವಿದೆ, ಸೋತರೆ ತಪ್ಪಿದ ಟ್ರಿಕ್‌ಗಳ ಸಂಖ್ಯೆಗೆ ತಕ್ಕಂತೆ ದಂಡವಿದೆ, ಅಪಾಯದ ಸ್ಥಿತಿಯಲ್ಲಿರುವ (ವಲ್ನರಬಲ್) ಜೋಡಿಗೆ ದಂಡ ಇನ್ನೂ ಹೆಚ್ಚು. ಎದುರಾಳಿಗಳು ಅಪಾಯದ ಸ್ಥಿತಿಯಲ್ಲಿದ್ದು ನಾಲ್ಕು ಆಟೀನು ಕೂಗಿ ಗೆದ್ದು 620 ಅಂಕ ಪಡೆಯುವ ಸಂದರ್ಭದಲ್ಲಿ, ಅಪಾಯವಿಲ್ಲದ ಸ್ಥಿತಿಯಲ್ಲಿರುವವನು ನಾಲ್ಕು ಇಸ್ಪೀಟು ಕೂಗಿ ದಂಡ ಹೆಚ್ಚಿಸಲು ಎದುರಾಳಿ ಹೇಳುವ ಡಬಲ್‌ಗೆ ಗುರಿಯಾಗಿ ಮೂರು ಟ್ರಿಕ್ ಕಳೆದುಕೊಂಡರೂ ತೆರುವುದು 500 ಮಾತ್ರ. ಸೋತೇ ಲಾಭ ಮಾಡುವ ಈ ಬಲಿದಾನದ ಕೂಗು ದುರ್ಬಲ ಕೈಗೆ ನಿಜವಾದ ಬೆಲೆ ತಂದಿತು. ಅಪಾಯದ ಸ್ಥಿತಿಯಲ್ಲಿ ಎರಡು, ಇಲ್ಲದಾಗ ಮೂರು ಟ್ರಿಕ್‌ಗಿಂತ ಹೆಚ್ಚು ಸೋಲದಷ್ಟು ಮಾತ್ರ ಮುನ್ನುಗ್ಗಬೇಕೆಂದು ಅಮೆರಿಕದ ಬ್ರಿಜ್ ಗುರು ಈಲಿ ಕಲ್ಬರ್ಟ್‌ಸನ್ ಹಾಕಿಕೊಟ್ಟ ಮಿತಿಯೂ ಇದೇ 500ರ ಲೆಕ್ಕದ್ದು.

ದುರ್ಬಲ ಕೈ ಕೂಗಲೇಬೇಕಾದ ಪ್ರಸಂಗವೂ ಉಂಟು. ಎದುರಾಳಿಯ ಕೂಗಿಗೆ ಡಬಲ್ ಹೇಳಿ, ದಂಡ ಕೇಳದೆ, ಜೊತೆಗಾರನ ಉತ್ತಮ ಜಾತಿ ಯಾವುದೆಂದು ವಿಚಾರಿಸುವ ಪದ್ಧತಿ 1912ರಿಂದ 1915ರ ಸುಮಾರಿಗೆ ಆಕ್ಷನ್ ಬ್ರಿಜ್‌ನಲ್ಲೇ ರೂಪುಗೊಂಡಿತು. ಒಂದು ಆಟೀನಿನ ಮೇಲೆ ಜೊತೆಗಾರ ಹೀಗೆ ಡಬಲ್ ಹೇಳಿ ನಡುವಿನವನು ಪಾಸ್ ಎಂದಾಗ, ಇಸ್ಪೀಟಿನಲ್ಲಿ ಗುಲಾಮ, ಎಂಟು, ನಾಲ್ಕು, ಆಟೀನಿನಲ್ಲಿ ಒಂಬತ್ತು, ಆರು, ಐದು, ಡೈಮನ್‌ನಲ್ಲಿ ಹತ್ತು, ಏಳು, ಮೂರು, ಎರಡು, ಕಳಾವರಿನಲ್ಲಿ ಎಂಟು, ಐದು, ನಾಲ್ಕು ಹಿಡಿದವನು ತಾನೂ ಪಾಸ್ ಎಂದರೆ ಎದುರಾಳಿ ಒಂದು ಆಟೀನನ್ನು ಡಬಲ್ ಸಮೇತ ಗೆದ್ದುಬಿಡುತ್ತಾನೆ. ಎರಡು ಡೈಮನ್ ಎಂದರೆ ನಾಲ್ಕೆಲೆಯ ಆಧಾರವಿದೆ, ಆದರೆ ಒಂದು ಮೆಟ್ಟಿಲು ಹೆಚ್ಚು. ಒಂದು ಇಸ್ಪೀಟು ಅಗ್ಗ, ಆದರೆ ಮೂರೇ ಎಲೆಗಳ ಆ ಕೂಗನ್ನು ನಂಬಿ ಜೊತೆಗಾರ ಮೇಲೇರಿಸುವ ಭಯ. ಪಠ್ಯಗಳು ಸಾಮಾನ್ಯವಾಗಿ ಡೈಮನ್ ಪರವಾಗಿವೆ. ಇಂಥ ಕೈಯವನಿಗೆ ಅಂಕವಿಲ್ಲವೆಂಬ ಸಂಕೋಚ ಸಲ್ಲದು, ಏಕೆಂದರೆ ಇಲ್ಲಿ ಪ್ರಶ್ನೆ ಬಲದ್ದಲ್ಲ, ಉದ್ದದ್ದು.

ಆ ಉದ್ದಕ್ಕೆ ಸಿದ್ಧಾಂತ ಒದಗಿಸಿದವನು ಫ್ರಾನ್ಸಿನ ಜ್ಯಾಂ-ರೆನೆ ವೆರ್ನ್. ಎರಡೂ ಜೋಡಿಗಳು ತಂತಮ್ಮ ಉತ್ತಮ ತುರುಫಿನಲ್ಲಿ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತ ಆ ಎರಡು ತುರುಫುಗಳ ಒಟ್ಟು ಎಲೆಗಳ ಸಂಖ್ಯೆಗೆ ಬಹುಮಟ್ಟಿಗೆ ಸಮ ಎಂದು ಆತ 1950ರ ದಶಕದಲ್ಲಿ ಗುರುತಿಸಿದ. ಅಮೆರಿಕದ ಲ್ಯಾರಿ ಕೋಹೆನ್ 1992ರ ತನ್ನ ಪುಸ್ತಕದಿಂದ ಇದನ್ನು ಸಾಮಾನ್ಯ ಆಟಗಾರರವರೆಗೆ ಒಯ್ದ. ಜೋಡಿಗೆ ಎಂಟು ತುರುಫಿದ್ದರೆ ಎರಡರ ಮಟ್ಟ, ಒಂಬತ್ತಿದ್ದರೆ ಮೂರರ ಮಟ್ಟ ಎಂಬ ಸೂತ್ರ ಇದರ ಫಲ. ಇದು ಸರಾಸರಿಯ ಮಾತೇ ಹೊರತು ಪ್ರತಿ ಹಂಚಿಕೆಗೂ ಭರವಸೆಯಲ್ಲ. ಈ ಸಿದ್ಧಾಂತಕ್ಕೆ ಮೊದಲೇ ಆರೆಲೆಯ ಜಾತಿಯೂ ಸಾಧಾರಣ ಅಂಕವೂ ಇರುವ ಕೈಯಿಂದ ನೇರವಾಗಿ ಎರಡರ ಮಟ್ಟ ಕೂಗಿ ಎದುರಾಳಿಗಳ ಮಾತಿಗೆ ಜಾಗ ಇಲ್ಲದಂತೆ ಮಾಡುವ ವಿಧಾನವನ್ನು ಅಮೆರಿಕದ ಆಟಗಾರ ಹೊವರ್ಡ್ ಶೆಂಕನ್ ಬಳಕೆಗೆ ತಂದಿದ್ದ. ಬಲಿದಾನ ಅತಿಯಾದಾಗ ನಿಯಮವೇ ಬಿಗಿಯಾಯಿತು: 1987ರಿಂದ ಅಪಾಯವಿಲ್ಲದ ಜೋಡಿಯ ಡಬಲ್ ಸೋಲಿನಲ್ಲಿ ನಾಲ್ಕನೆಯ ಟ್ರಿಕ್‌ನಿಂದ ಮೊದಲ್ಗೊಂಡು ತಲಾ 300 ದಂಡ ಬಂದಿತು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮದುವೆಮನೆಯ ಜಗುಲಿಯಲ್ಲಿ, ಮಳೆಗಾಲದ ಬಿಡುವಿನಲ್ಲಿ ಕೈಗೆತ್ತಿಕೊಳ್ಳುವ ಇಪ್ಪತ್ತೆಂಟು ಏಳರಿಂದ ಎಕ್ಕದವರೆಗಿನ 32 ಎಲೆಗಳ ಆಟ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿಯವು ಸೇರಿ 28. ಮೊದಲು ಹಂಚಿದ ನಾಲ್ಕೇ ಎಲೆ ನೋಡಿ ಕೂಗಬೇಕು, ಸಾಮಾನ್ಯವಾಗಿ 14ರಿಂದ ಆರಂಭ. ಸವಾಲು ಗೆದ್ದವನು ತುರುಫಿನ ಎಲೆಯನ್ನು ಮುಚ್ಚಿಡುತ್ತಾನೆ. ಉಳಿದ ನಾಲ್ಕೆಲೆ ಆಮೇಲೆ ಬರುವುದರಿಂದ ಇಲ್ಲಿ ದುರ್ಬಲ ಕೈಗೆ ಆಸೆಯೂ ಒಂದು ಬಲವಾಗುತ್ತದೆ. ಆದರೆ ಸಾಮಾನ್ಯ ಲೆಕ್ಕದಲ್ಲಿ ಒಂದು ಅಂಕದಿಂದ ತಪ್ಪಿದರೂ ಹತ್ತರಿಂದ ತಪ್ಪಿದರೂ ಸೋಲು ಒಂದೇ ಆದುದರಿಂದ, ಎದುರಾಳಿಯ ಗೆಲುವನ್ನು ತಪ್ಪಿಸಲು ತಾನೇ ಸೋಲುವ ಬಲಿದಾನಕ್ಕೆ ಅರ್ಥವಿಲ್ಲ. ಕೂಗಿ ಎದುರಾಳಿಯನ್ನು ಇನ್ನಷ್ಟು ಮೇಲಕ್ಕೆ ಹತ್ತಿಸಿ ಕೈಬಿಡುವ ಉಪಾಯವಷ್ಟೇ ಉಳಿಯುತ್ತದೆ.

ಭಾರತದಲ್ಲಿ ಬ್ರಿಜ್‌ನ ಪಂದ್ಯಗಳನ್ನು ಭಾರತೀಯ ಬ್ರಿಜ್ ಒಕ್ಕೂಟ ನಿರ್ವಹಿಸುತ್ತದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟ ಮೊದಲ ಬಾರಿಗೆ ಸೇರಿದಾಗ ಪ್ರಣಬ್ ಬರ್ಧನ್ ಮತ್ತು ಶಿವನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದರು. ಎಲೆ ಹಂಚಿಕೆಯಲ್ಲಿರುವ ಅದೃಷ್ಟದ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದ್ದು, 1968ರ ಸತ್ಯನಾರಾಯಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಪರಿಗಣಿಸುವಾಗ ಅದರಲ್ಲಿನ ಅದೃಷ್ಟದ ಅಂಶ ಬ್ರಿಜ್‌ನ ಹಂಚಿಕೆಯಲ್ಲಿರುವಂಥದೇ ಎಂದು ಹೋಲಿಸಿತು.