ಎರಡು ಗೊಂಬೆ, ಎರಡು ತದಿಗೆ

ಔರಂಗಾಬಾದಿಗೆ ಛತ್ರಪತಿ ಸಂಭಾಜಿನಗರ ಅಂತ ಹೆಸರಾದದ್ದು 2023ರಲ್ಲಿ. ಅಲ್ಲಿಂದ ಜಾಲ್ನಾ ರಸ್ತೆ ಹಿಡಿದರೆ ಶೇಂದ್ರಾ. ಮಾಂಗೀರಬಾಬಾನ ಜಾತ್ರೆ ಹಳೆಯದು, ಕಾರ್ಖಾನೆಗಳು ಹೊಸವು. 2006ರಲ್ಲಿ ದೆಹಲಿ–ಮುಂಬೈ ಕೈಗಾರಿಕಾ ಕಾರಿಡಾರಿಗೆ ಜಪಾನ್ ಕೈಜೋಡಿಸಿತು. ಶೇಂದ್ರಾವೂ ಅದರೊಳಗೆ ಬಂತು. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಜಪಾನಿನ ಎಂಜಿನಿಯರ್ ಕುಟುಂಬವೊಂದಿತ್ತು.

2024ರ ಮಾರ್ಚ್ 3, ಭಾನುವಾರ. ಆ ಮನೆಯಾಕೆ ನನ್ನನ್ನೂ ಮಗಳನ್ನೂ ಕರೆದಳು. ಅಂದು ಅವರಿಗೆ ಹಿನಮತ್ಸುರಿ, ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆಯ ಏಳು ಮೆಟ್ಟಿಲು, 15 ಗೊಂಬೆ ಅಂತ ಓದಿದ್ದೆ. ಇಲ್ಲಿ ನೋಡಿದರೆ ಸ್ಟೂಲಿನ ಮೇಲೆ ಎರಡೇ, ರಾಜ ಮತ್ತು ರಾಣಿ. ಮಿಕ್ಕವು ಅಮ್ಮನ ಮನೆಯಲ್ಲಿವೆ ಅಂದಳು. ಮಗಳ ಮೊದಲ ಹಬ್ಬಕ್ಕೆ ತಾಯಿಯ ತವರಿನವರು ಕೊಡುವ ಗೊಂಬೆಗಳಂತೆ. ಹಬ್ಬ ಮುಗಿದ ಕೂಡಲೇ ಎತ್ತಿಡಬೇಕು, ಇಲ್ಲದಿದ್ದರೆ ಮಗಳ ಮದುವೆ ತಡವಾಗುತ್ತದಂತೆ! ನಮ್ಮಜ್ಜಿ ಕೇಳಿದ್ದರೆ ತಲೆದೂಗುತ್ತಿದ್ದರು.

ನನಗೆ ನಮ್ಮ ಪಟ್ಟದ ಗೊಂಬೆ ನೆನಪಾಯಿತು. ಮೈಸೂರು ಸೀಮೆಯಲ್ಲಿ ಮದುವೆಗೆ ತವರಿನವರು ಕೊಡುವ ಮರದ ರಾಜ-ರಾಣಿ. ನನ್ನವು 11 ವರ್ಷದಿಂದ ಮೈಸೂರಿನ ಟ್ರಂಕಿನೊಳಗಿದ್ದವು. ಬಾಡಿಗೆ ಮನೆ, ಜಾಗವಿಲ್ಲ ಅನ್ನೋದು ನನ್ನ ನೆಪ. ಸ್ಟೂಲು ನಮ್ಮನೆಯಲ್ಲೂ ಇತ್ತಲ್ಲ!

ಗೊಂಬೆಗಳ ಪಕ್ಕ ಪ್ಲಾಸ್ಟಿಕ್ ಪೀಚ್ ಹೂವಿತ್ತು. ಮರಾಠವಾಡದಲ್ಲಿ ಪೀಚ್ ಎಲ್ಲಿಂದ ತರೋದು ಅಂದೆ. ಊರಿನಲ್ಲೂ ಈಗ ಅರಳಿರೋದಿಲ್ಲ ಅಂದಳು. ಪೀಚ್ ಹೂವಿನದೇ ಹೆಸರುಳ್ಳ ಹಬ್ಬ, ಆದರೂ ಹೂವಿಲ್ಲ! ಹಿಂದೆ ಇದು ಚಾಂದ್ರಮಾನದ ಮೂರನೆಯ ತಿಂಗಳ ಮೂರನೆಯ ದಿನ ನಡೆಯುತ್ತಿತ್ತು. 1873ರ ಜನವರಿ 1ರಿಂದ ಮೇಜಿ ಸರ್ಕಾರ ಪಾಶ್ಚಾತ್ಯ ಕ್ಯಾಲೆಂಡರು ತಂದಿತು. ಹಬ್ಬ ಮಾರ್ಚ್ 3ಕ್ಕೆ ಅಂಟಿಕೊಂಡಿತು, ಹೂವು ತನ್ನ ಕಾಲಕ್ಕೇ ಉಳಿಯಿತು. ಕೆಲವು ಊರುಗಳವರು ಮಾತ್ರ ಏಪ್ರಿಲ್ 3ಕ್ಕೆ ಮಾಡುತ್ತಾರೆ. ಅಂದರೆ ಆಕೆಗಿಂತ ಮೊದಲು ಹಬ್ಬವೇ ಮನೆ ಬಿಟ್ಟಿತ್ತು.

ಹಳೆಯ ಲೆಕ್ಕದಲ್ಲಿ ಆ ವರ್ಷ ಅದು ಬರುವುದು ಏಪ್ರಿಲ್ 11ಕ್ಕೆ. ಪಂಚಾಂಗ ತೆರೆದೆ: ಚೈತ್ರ ಶುದ್ಧ ತದಿಗೆ! ಅಧಿಕಮಾಸದ ಏರುಪೇರಿದ್ದಾಗ ಬೇರೆಯಾಗಬಹುದು, ಆ ವರ್ಷವಂತೂ ಎರಡೂ ಒಂದೇ ದಿನ. ಎದುರುಮನೆಯ ಮರಾಠಿ ಅಜ್ಜಿ ಅಂದೇ ಚೈತ್ರಗೌರಿಯನ್ನು ತೊಟ್ಟಿಲಲ್ಲಿ ಕೂರಿಸಿದರು. ಮಾವಿನಕಾಯಿ ಹಾಕಿದ ಕಡಲೆಬೇಳೆ, ಪನ್ಹೆ. ಎತ್ತಿಟ್ಟ ಗೊಂಬೆಗಳನ್ನು ಮತ್ತೆ ತೆಗೆಯಬಹುದಾ ಅಂತ ಆಕೆ ತನ್ನ ಅಮ್ಮನಿಗೆ ಫೋನ್ ಮಾಡಿದಳು. ಹಳೆಯ ದಿನಕ್ಕಾದರೆ ಪರವಾಗಿಲ್ಲ ಅಂದರಂತೆ. ಗೌರಿಯ ಪಕ್ಕದಲ್ಲೇ ರಾಜ-ರಾಣಿ ಕೂತರು.

ಅಕ್ಟೋಬರ್ 3ಕ್ಕೆ ನವರಾತ್ರಿ. ನನ್ನ ಪಟ್ಟದ ಗೊಂಬೆಗಳು ಮೈಸೂರಿನಿಂದ ರೈಲಿನಲ್ಲಿ ಮಡಿಲಲ್ಲೇ ಬಂದವು. ರಾಣಿಯ ಮೂಗಿನ ಬಣ್ಣ ಹೋಗಿತ್ತು. ಆಕೆ ಮಗಳ ಬಣ್ಣದ ಡಬ್ಬಿ ತಂದು ತಿದ್ದಿಕೊಟ್ಟಳು.