ಕೆರೆಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವುದು: ಬಹುಕೊಕ್ಕೆ ಗಾಳಗಳ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ನಿಯಮಗಳು

(ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು, ಆವನಿ ಹೋಬಳಿಯ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಜಿಲ್ಲೆಯ ಒಳನಾಡು ಮೀನುಗಾರಿಕೆಯು ಬಹುಪಾಲು ಕೆರೆಗಳನ್ನೇ ಅವಲಂಬಿಸಿದೆ. ಆವನಿ ಸೀಮೆಯಲ್ಲಿ ಕೆರೆ ಕಟ್ಟಿಸುವ ಪರಂಪರೆಯು ಸಾವಿರ ವರ್ಷಕ್ಕೂ ಹಳೆಯದು. ಇಲ್ಲಿನ ಸ್ಥಾನಾಧಿಪತಿಯಾಗಿದ್ದ ತ್ರಿಭುವನಕರ್ತಾರನು ದೇವಾಲಯಗಳೊಂದಿಗೆ ಕೆರೆಗಳನ್ನೂ ನಿರ್ಮಿಸಿದನೆಂದು 10ನೇ ಶತಮಾನದ ಶಾಸನವು ತಿಳಿಸುತ್ತದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ (ಕೆ.ಸಿ. ವ್ಯಾಲಿ) ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದ್ದು, ಬಹುಕಾಲ ಒಣಗಿದ್ದ ಹಲವು ಕೆರೆಗಳಲ್ಲಿ ನೀರು ನಿಂತಿದೆ. ನೀರು ನಿಂತಲ್ಲಿ ಮೀನು ಸಾಕಣೆಯೂ, ಬಿಡುವಿನ ವೇಳೆಯಲ್ಲಿ ಗಾಳ ಹಾಕುವವರೂ ಇರುವುದು ಸಹಜ.

ಗಾಳ ಹಾಕುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಒಂದು ದಾರಕ್ಕೆ ಎಷ್ಟು ಕೊಕ್ಕೆ ಕಟ್ಟಬಹುದು?" ಎಂಬುದು. ಇದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಈ ನೀರಿನ ಮೀನು ಹಿಡಿಯುವ ಹಕ್ಕು ಯಾರದು?" ಎಂಬುದಾಗಿದೆ. ಹಕ್ಕು ಇಲ್ಲದ ನೀರಿನಲ್ಲಿ ಒಂದೇ ಕೊಕ್ಕೆಯ ಗಾಳವೂ ನಿಯಮಬಾಹಿರ. ಹಕ್ಕು ಅಥವಾ ಅನುಮತಿ ದೊರೆತ ನಂತರವೇ ಕೊಕ್ಕೆಗಳ ಸಂಖ್ಯೆಯ ವಿಚಾರ ಬರುತ್ತದೆ. ಈ ಎರಡೂ ಅಂಶಗಳನ್ನು ಇಲ್ಲಿ ಅನುಕ್ರಮವಾಗಿ ವಿವರಿಸಲಾಗಿದೆ.

2. ಬಹುಕೊಕ್ಕೆ ಗಾಳ ಎಂದರೇನು

ಒಂದೇ ದಾರಕ್ಕೆ ಒಂದಕ್ಕಿಂತ ಹೆಚ್ಚು ಕೊಕ್ಕೆಗಳನ್ನು ಕಟ್ಟಿದ ಗಾಳವನ್ನು ಬಹುಕೊಕ್ಕೆ ಗಾಳ ಎನ್ನಬಹುದು. ಬಳಕೆಯಲ್ಲಿರುವ ಮುಖ್ಯ ಬಗೆಗಳು ಇಂತಿವೆ:

(ಅ) ಸ್ಪ್ರಿಂಗ್ ಗಾಳ: ತಂತಿಯ ಸ್ಪ್ರಿಂಗ್ ಸುತ್ತ ಹಿಟ್ಟಿನ ಅಥವಾ ಹಿಂಡಿಯ ಉಂಡೆಯನ್ನು ಮೆತ್ತಿ, ಅದರ ಸುತ್ತ ಹಲವು ಕೊಕ್ಕೆಗಳನ್ನು ಇಳಿಬಿಡಲಾಗುತ್ತದೆ. ಉಂಡೆಯನ್ನು ತಿನ್ನಲು ಬಂದ ಗೆಂಡೆ ಮೀನು ಹಿಟ್ಟಿನೊಂದಿಗೆ ಕೊಕ್ಕೆಯನ್ನೂ ಬಾಯಿಗೆ ಎಳೆದುಕೊಳ್ಳುತ್ತದೆ. ಕೆರೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಬಗೆ ಇದು.

(ಆ) ಸಾಲುಕೊಕ್ಕೆ ಗಾಳ: ಉದ್ದ ದಾರಕ್ಕೆ ಅಲ್ಲಲ್ಲಿ ಗಿಡ್ಡ ದಾರಗಳನ್ನು ಕಟ್ಟಿ, ಪ್ರತಿಯೊಂದರ ತುದಿಗೆ ಕೊಕ್ಕೆ ಮತ್ತು ಎರೆ ಸಿಕ್ಕಿಸಿ, ರಾತ್ರಿಯಿಡೀ ನೀರಿನಲ್ಲಿ ಬಿಡುವಂತಹುದು.

(ಇ) ಸಬಿಕಿ ಗಾಳ: ಜಪಾನಿನಿಂದ ಬಂದ ಈ ಬಗೆಯಲ್ಲಿ ಪುಟ್ಟ ಗರಿ ಅಥವಾ ಹೊಳೆಯುವ ಚೂರು ಕಟ್ಟಿದ ಹಲವು ಸಣ್ಣ ಕೊಕ್ಕೆಗಳಿರುತ್ತವೆ. ದೊಡ್ಡ ಮೀನಿಗೆ ಎರೆಯಾಗಿ ಬಳಸಲು ಸಣ್ಣ ಮೀನುಗಳನ್ನು ಹಿಡಿಯುವುದು ಇದರ ಮೂಲ ಉದ್ದೇಶ. ಇದು ಸಮುದ್ರಕ್ಕಾಗಿ ರೂಪಿಸಿದ್ದು, ಕೆರೆಗೆ ಹೊಂದುವ ಸಲಕರಣೆಯಲ್ಲ.

(ಈ) ಎಳೆಗಾಳ: ಎರೆ ಇಲ್ಲದ ಕೊಕ್ಕೆಗಳ ಗೊಂಚಲನ್ನು ನೀರಿನಲ್ಲಿ ರಭಸದಿಂದ ಎಳೆದು ಮೀನಿನ ಮೈಗೆ ಚುಚ್ಚುವ ಕ್ರಮ. ಇದರಲ್ಲಿ ಹಿಡಿದ ಮೀನಿಗಿಂತ ಗಾಯಗೊಂಡು ತಪ್ಪಿಸಿಕೊಂಡು ಸಾಯುವ ಮೀನು ಹೆಚ್ಚಾಗಬಹುದಾದ್ದರಿಂದ ಹವ್ಯಾಸಿಗಳು ಇದನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು.

3. ನೀರು ಯಾರ ಅಧೀನದಲ್ಲಿದೆ

3.1 ಕೆರೆಯ ನೀರು ಹಾಗೂ ಏರಿಯ ನಿರ್ವಹಣೆ ಒಂದು ಸಂಸ್ಥೆಯ ಬಳಿ, ಮೀನು ಹಿಡಿಯುವ ಹಕ್ಕು ಇನ್ನೊಂದು ಸಂಸ್ಥೆಯ ಬಳಿ ಇರಬಹುದು. 40 ಹೆಕ್ಟೇರಿಗಿಂತ ಹೆಚ್ಚು, 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟುಳ್ಳ ಕೆರೆಗಳನ್ನು ಸಣ್ಣ ನೀರಾವರಿ ಇಲಾಖೆಯೂ, ಅದಕ್ಕಿಂತ ಚಿಕ್ಕ ಕೆರೆಗಳನ್ನು ಪಂಚಾಯತ್ ರಾಜ್ ಸಂಸ್ಥೆಗಳೂ ನಿರ್ವಹಿಸುತ್ತವೆ. ಮೀನು ಪಾಶುವಾರು ಹಕ್ಕಿನ ದೃಷ್ಟಿಯಿಂದ ಕೆರೆಗಳು ಮೀನುಗಾರಿಕೆ ಇಲಾಖೆಯ ಕೆರೆಗಳು ಮತ್ತು ಗ್ರಾಮ ಪಂಚಾಯಿತಿ ಕೆರೆಗಳು ಎಂದು ವಿಂಗಡಣೆಯಾಗಿವೆ.

3.2 ಸದರಿ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯ ಮೂಲಕ ಅಥವಾ ಟೆಂಡರ್ ಹಾಗೂ ಹರಾಜಿನ ಮೂಲಕ ನಿಗದಿತ ಅವಧಿಗೆ ನೀಡಲಾಗುತ್ತದೆ. ಗುತ್ತಿಗೆ ಪಡೆದವರು ಗುತ್ತಿಗೆ ಹಣ ಪಾವತಿಸಿ, ತಮ್ಮ ವೆಚ್ಚದಲ್ಲಿ ಮೀನುಮರಿಗಳನ್ನು ಬಿತ್ತನೆ ಮಾಡಿರುತ್ತಾರೆ. ಆದುದರಿಂದ ಗುತ್ತಿಗೆಗೆ ನೀಡಲಾದ ಕೆರೆಯಲ್ಲಿ ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಮೀನು ಹಿಡಿಯುವಂತಿಲ್ಲ. "ನಮ್ಮೂರ ಕೆರೆ" ಎಂಬ ಕಾರಣದಿಂದ ಈ ನಿರ್ಬಂಧಕ್ಕೆ ವಿನಾಯಿತಿ ದೊರೆಯುವುದಿಲ್ಲ.

3.3 ಕೃಷಿ ಹೊಂಡಗಳು ಖಾಸಗಿ ಸ್ವತ್ತು. ಮಾಲೀಕರ ಅನುಮತಿ ಅಗತ್ಯ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳಲ್ಲಿ ಗಾಳದ ಕೊಕ್ಕೆ ತಗುಲಿ ಹಾಳೆ ಹರಿದರೆ ನೀರೆಲ್ಲ ಇಂಗಿ ರೈತರಿಗೆ ನಷ್ಟವಾಗುತ್ತದೆ. ಹಾಳೆಯ ಇಳಿಜಾರು ಜಾರುವುದರಿಂದ ಒಳಗೆ ಬಿದ್ದವರು ಮೇಲೇರುವುದು ಬಲು ಕಷ್ಟ. ಇಂತಹ ಹೊಂಡಗಳಲ್ಲಿ ಬಹುಕೊಕ್ಕೆ ಗಾಳವನ್ನು ಬಳಸಲೇಬಾರದು.

3.4 ದೇವಾಲಯದ ಕಲ್ಯಾಣಿಗಳಲ್ಲಿ ಹಾಗೂ ಮತ್ಸ್ಯತೀರ್ಥಗಳಲ್ಲಿ ಮೀನು ಹಿಡಿಯಬಾರದು. ಶೃಂಗೇರಿಯ ತುಂಗಾ ತೀರ ಹಾಗೂ ದಕ್ಷಿಣ ಕನ್ನಡ ಜಿಲ್ಲೆಯ ಶಿಶಿಲ ಇಂತಹ ಪ್ರಸಿದ್ಧ ಮತ್ಸ್ಯಧಾಮಗಳು.

3.5 ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನಗಳ ಒಳಗಿನ ನೀರಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ ಅನ್ವಯಿಸುತ್ತದೆ. ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ ಮುಂತಾದೆಡೆ ಹಿಂದೆ ಬಿಳಿಮೀನನ್ನು (ಮಹಶೀರ್) ಗಾಳದಲ್ಲಿ ಹಿಡಿದು ಮರಳಿ ನೀರಿಗೆ ಬಿಡುವ ಶಿಬಿರಗಳು ನಡೆಯುತ್ತಿದ್ದವು. 2010ರ ದಶಕದ ಆರಂಭದಲ್ಲಿ ಅವು ಸ್ಥಗಿತಗೊಂಡವು. ಕಾವೇರಿಯ ಕಿತ್ತಳೆ ರೆಕ್ಕೆಯ ಮಹಶೀರ್ ತಳಿಯು 2018ರಲ್ಲಿ ಅತೀವ ಅಪಾಯದಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ. ಹಿಡಿದು ಬಿಡುತ್ತೇವೆ ಎಂಬ ಕಾರಣದಿಂದ ಇಂತಹ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಗಾಳ ಹಾಕಲು ಅವಕಾಶವಿಲ್ಲ.

4. ಕೊಕ್ಕೆಗಳ ಸಂಖ್ಯೆ ಹಾಗೂ ಗಾತ್ರ ಏಕೆ ಮುಖ್ಯ

ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ಮುಂಗಾರಿನ ಹರಿಯುವ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನ ಕೆರೆಗಳಲ್ಲಿ ಅವು ಸಹಜವಾಗಿ ಮರಿ ಮಾಡುವುದಿಲ್ಲ. ಮೀನುಮರಿ ಉತ್ಪಾದನಾ ಕೇಂದ್ರಗಳಿಂದ ಮರಿಗಳನ್ನು ತಂದು ಬಿತ್ತುವುದು ಇದೇ ಕಾರಣಕ್ಕೆ. ಹೀಗಾಗಿ ಕೆರೆಯಲ್ಲಿರುವ ಪ್ರತಿಯೊಂದು ಕಾಟ್ಲಾ ಮೀನೂ ಯಾರೋ ಹಣ ಕೊಟ್ಟು ಬಿಟ್ಟದ್ದಾಗಿರುತ್ತದೆ.

ಮಳೆಗಾಲದಲ್ಲಿ ಬಿತ್ತಿದ ಬೆರಳುದ್ದದ ಕಾಟ್ಲಾ ಮರಿಯು ಆಹಾರ ಮತ್ತು ನೀರು ಅನುಕೂಲವಾಗಿದ್ದಲ್ಲಿ ಒಂದು ವರ್ಷದಲ್ಲಿ ಸುಮಾರು 1 ಕಿಲೋಗ್ರಾಂ ತೂಗಬಲ್ಲದು. ಸಣ್ಣ ಕೊಕ್ಕೆಗಳ ಸಾಲಿನಲ್ಲಿ ಮೊದಲು ಸಿಗುವುದು ಇಂತಹ ಮರಿಗಳೇ. ಒಮ್ಮೆಗೆ ಐದಾರು ಮರಿಗಳು ಮೇಲೆ ಬಂದರೆ ಹಿಡಿದವರಿಗೆ ದೊರೆಯುವುದು ಒಂದು ಹಿಡಿಯಷ್ಟು ಮೀನು. ಬಿತ್ತಿದವರಿಗೆ ಮುಂದಿನ ಬೇಸಿಗೆಯಲ್ಲಿ ತಪ್ಪಿಹೋಗುವುದು ಐದಾರು ಕಿಲೋಗ್ರಾಂವರೆಗಿನ ಫಸಲು. ಮೀನುಗಾರರ ಸಂಘದ ಸದಸ್ಯರ ವರ್ಷದ ಆದಾಯವು ಈ ಫಸಲಿನ ಮೇಲೆಯೇ ನಿಂತಿರುತ್ತದೆ.

ಸಾಮಾನ್ಯ ಗೆಂಡೆ ಹಾಗೂ ತಿಲಾಪಿಯಾ (ಜಿಲೇಬಿ ಮೀನು) ಕೆರೆಯಲ್ಲಿಯೇ ಮರಿ ಮಾಡುತ್ತವೆ. ತಿಲಾಪಿಯಾ 1952ರಲ್ಲಿ ಭಾರತಕ್ಕೆ ತರಲಾದ ಹೊರನಾಡಿನ ಮೀನು. ಅದು ವೇಗವಾಗಿ ಹೆಚ್ಚಿ, ಬಿತ್ತಿದ ಮೀನುಗಳ ಆಹಾರಕ್ಕೆ ಪೈಪೋಟಿ ನೀಡುತ್ತದೆ. ಹವ್ಯಾಸಿಗಳು ತಿಲಾಪಿಯಾ ಮಾತ್ರ ಹಿಡಿದು ಉಳಿದವನ್ನು ಬಿಡುವುದಾಗಿ ಗುತ್ತಿಗೆದಾರರೊಂದಿಗೆ ಒಪ್ಪಿಗೆ ಮಾಡಿಕೊಂಡಲ್ಲಿ ಇಬ್ಬರಿಗೂ ಅನುಕೂಲವಾಗುತ್ತದೆ.

ಕಳೆದುಹೋದ ಗಾಳದ ಅಪಾಯವೂ ಗಮನಾರ್ಹ. ಮುಳ್ಳುಕಂಟಿಗೆ ಸಿಕ್ಕಿ ದಾರ ಹರಿದರೆ ಒಂದು ಕೊಕ್ಕೆಯ ಗಾಳದಲ್ಲಿ ಒಂದೇ ಕೊಕ್ಕೆ ಉಳಿಯುತ್ತದೆ. ಬಹುಕೊಕ್ಕೆ ಗಾಳದಲ್ಲಿ ಆರೋ ಎಂಟೋ ಉಳಿಯುತ್ತವೆ. ಮಹಾಶಿವರಾತ್ರಿಯ ಸಂದರ್ಭದಲ್ಲಿ ಆವನಿಯಲ್ಲಿ ದೊಡ್ಡ ದನಗಳ ಜಾತ್ರೆ ನಡೆಯುತ್ತದೆ. ಕೆರೆಯ ಅಂಚಿನಲ್ಲಿ ನೀರು ಕುಡಿಯುವ ರಾಸುಗಳ ಬಾಯಿಗೆ, ಗೊರಸಿಗೆ, ಬಟ್ಟೆ ಒಗೆಯಲು ಇಳಿಯುವವರ ಕಾಲಿಗೆ, ನೀರುಹಕ್ಕಿಗಳ ಕೊರಳಿಗೆ ಈ ಕೊಕ್ಕೆ ಮತ್ತು ದಾರಗಳು ಸಿಕ್ಕಿಕೊಳ್ಳಬಹುದು.

ಈ ಕಾಳಜಿ ಹೊರದೇಶಗಳಲ್ಲಿಯೂ ಇದೆ. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಹೊಳೆಗಳಲ್ಲಿ ಹಿಮ್ಮುಳ್ಳು ಇಲ್ಲದ ಒಂದೇ ಕೊಕ್ಕೆಯನ್ನು ಬಳಸಬೇಕೆಂಬ ನಿಯಮವಿದೆ. ಹಿಮ್ಮುಳ್ಳು ಇಲ್ಲದ ಕೊಕ್ಕೆಯನ್ನು ಮೀನಿನ ಬಾಯಿಂದ ಸುಲಭವಾಗಿ ಬಿಡಿಸಬಹುದು; ಬಿಟ್ಟ ಮೀನು ಬದುಕುವ ಸಂಭವ ಹೆಚ್ಚು.

5. ಕಾನೂನಿನ ಹಿನ್ನೆಲೆ

ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆ ಸಂಬಂಧಿಸಿದ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯು ಸ್ಫೋಟಕ ಸಿಡಿಸಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧವೆಂದು ಘೋಷಿಸಿತ್ತು. ಕೋಲಾರವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಗಾಗಿ 1901ರಲ್ಲಿ ಪ್ರತ್ಯೇಕ ರೆಗ್ಯುಲೇಷನ್ ಜಾರಿಗೆ ಬಂದಿತು. ನಂತರ ರಾಜ್ಯದ ಒಳನಾಡು ನೀರಿಗಾಗಿ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1996 ರೂಪುಗೊಂಡಿತು. ಸ್ಫೋಟಕ, ವಿಷ ಹಾಗೂ ವಿದ್ಯುತ್ ಪ್ರವಾಹ ಬಳಸಿ ಮೀನು ಹಿಡಿಯುವುದು ಶಿಕ್ಷಾರ್ಹ. ಸಮುದ್ರ ಮೀನುಗಾರಿಕೆಗೆ ಪ್ರತ್ಯೇಕವಾಗಿ 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ ಇದೆ.

ಗಾಳ ಹಾಕುವವರು ನೆನಪಿಡಬೇಕಾದ ಅಂಶವೆಂದರೆ, ತಮಗೆ ಅನ್ವಯಿಸುವ ಕೊಕ್ಕೆಗಳ ಮಿತಿಯನ್ನು ಮೊದಲು ತಮ್ಮ ಪರವಾನಗಿ ಅಥವಾ ಒಪ್ಪಿಗೆ ಪತ್ರದ ಷರತ್ತುಗಳಲ್ಲಿಯೇ ನೋಡಬೇಕು. ಷರತ್ತಿನಲ್ಲಿ "ಗಾಳ" ಎಂದಷ್ಟೇ ಇದ್ದಲ್ಲಿ, ಬಹುಕೊಕ್ಕೆ ಗಾಳಕ್ಕೂ ಅನುಮತಿ ಇದೆಯೆಂದು ತಾವಾಗಿಯೇ ಭಾವಿಸದೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

6. ಅನುಮತಿ ಪಡೆಯುವ ಕ್ರಮ

ಹಂತ 1: ಕೆರೆಯ ಹೆಸರು, ಗ್ರಾಮ ಹಾಗೂ ಸಾಧ್ಯವಾದಲ್ಲಿ ಸರ್ವೆ ನಂಬರನ್ನು ಗುರುತಿಸಿಕೊಳ್ಳುವುದು.

ಹಂತ 2: ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಅಥವಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಿ, ಕೆರೆಯು ಯಾರ ಅಧೀನದಲ್ಲಿದೆ, ಗುತ್ತಿಗೆ ಜಾರಿಯಲ್ಲಿದೆಯೇ, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ತಿಳಿಯುವುದು.

ಹಂತ 3: ಗುತ್ತಿಗೆ ಇದ್ದಲ್ಲಿ ಗುತ್ತಿಗೆದಾರರ ಅಥವಾ ಸಂಘದ ಒಪ್ಪಿಗೆಯನ್ನು, ಗುತ್ತಿಗೆ ಷರತ್ತುಗಳಿಗೆ ಒಳಪಟ್ಟು, ಲಿಖಿತವಾಗಿ ಪಡೆಯುವುದು. ಗುತ್ತಿಗೆ ಇಲ್ಲದಿದ್ದಲ್ಲಿ ಹಕ್ಕು ಹೊಂದಿರುವ ಕಚೇರಿಗೆ ಅರ್ಜಿ ಸಲ್ಲಿಸುವುದು. ಗುತ್ತಿಗೆ ಇಲ್ಲದ ಮಾತ್ರಕ್ಕೆ ಕೆರೆಯು ಎಲ್ಲರಿಗೂ ಮುಕ್ತವೆಂದು ಅರ್ಥವಲ್ಲ.

ಹಂತ 4: ಅರ್ಜಿಯಲ್ಲಿ ಹೆಸರು, ವಿಳಾಸ, ಗುರುತಿನ ದಾಖಲೆ, ಗಾಳ ಹಾಕುವ ದಿನಗಳು, ಬಳಸುವ ಗಾಳಗಳ ಮತ್ತು ಪ್ರತಿ ಗಾಳದ ಕೊಕ್ಕೆಗಳ ಸಂಖ್ಯೆ, ಹಿಡಿದ ಮೀನನ್ನು ಒಯ್ಯಲಾಗುವುದೋ ಮರಳಿ ಬಿಡಲಾಗುವುದೋ ಎಂಬುದನ್ನು ನಮೂದಿಸುವುದು.

ಹಂತ 5: ಶುಲ್ಕ ಪಾವತಿಸಿದಲ್ಲಿ ಕಡ್ಡಾಯವಾಗಿ ರಸೀದಿ ಪಡೆಯುವುದು. ಒಪ್ಪಿಗೆ ಪತ್ರ ಮತ್ತು ರಸೀದಿಯನ್ನು ಕೆರೆಯ ಬಳಿ ಜೊತೆಯಲ್ಲಿ ಇಟ್ಟುಕೊಳ್ಳುವುದು.

ಗುತ್ತಿಗೆಯ ವಿವರ ದೊರೆಯದಿದ್ದಲ್ಲಿ, ಮಾಹಿತಿ ಹಕ್ಕು ಕಾಯ್ದೆ, 2005ರಡಿ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿ ಇದೆ.

7. ಪಾಲಿಸಬೇಕಾದ ಸೂಚನೆಗಳು

* ಸಾಧ್ಯವಾದಷ್ಟು ಒಂದೇ ಕೊಕ್ಕೆಯ ಗಾಳವನ್ನು ಬಳಸುವುದು. ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡುವುದು.
* ಬೆರಳುದ್ದದ ಮರಿಗಳು ಪದೇ ಪದೇ ಸಿಕ್ಕಿದಲ್ಲಿ ಗಾಳ ಎತ್ತಿ ಆ ಸ್ಥಳವನ್ನು ಬಿಡುವುದು.
* ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ತಡಮಾಡದೆ ನೀರಿಗೆ ಬಿಡುವುದು.
* ಗಾಳವನ್ನು ರಾತ್ರಿಯಿಡೀ ನೀರಿನಲ್ಲಿ ಬಿಟ್ಟು ಹೋಗದಿರುವುದು.
* ಬೇರೆ ಕೆರೆಯ ಜೀವಂತ ಮೀನನ್ನು ಎರೆಯಾಗಿ ತರದಿರುವುದು. ಉಳಿದ ಎರೆಮೀನನ್ನು ಕೆರೆಗೆ ಬಿಡದಿರುವುದು. ಸಾಕಣೆ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್‌ನಂತಹ ಮೀನುಗಳು ಒಂದು ಕೆರೆಯಿಂದ ಮತ್ತೊಂದಕ್ಕೆ ಹರಡಲು ಇದು ದಾರಿಯಾಗುತ್ತದೆ.
* ತುಂಡಾದ ದಾರ ಹಾಗೂ ಕೊಕ್ಕೆಗಳನ್ನು ಡಬ್ಬಿಯಲ್ಲಿ ಹಾಕಿ ಮನೆಗೆ ಒಯ್ಯುವುದು.
* ಕೊಕ್ಕೆ ಮೈಗೆ ಆಳವಾಗಿ ನಾಟಿದಲ್ಲಿ ಎಳೆದು ಕೀಳದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆಸಿ, ಧನುರ್ವಾತ ನಿರೋಧಕ ಚುಚ್ಚುಮದ್ದಿನ ಬಗ್ಗೆ ವಿಚಾರಿಸುವುದು.
* ಮಕ್ಕಳನ್ನು ಒಂಟಿಯಾಗಿ ಗಾಳ ಹಾಕಲು ಕಳುಹಿಸದಿರುವುದು. ತೂಬು ಮತ್ತು ಕೋಡಿಯ ಬಳಿ ನಿಲ್ಲದಿರುವುದು.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಊಟಕ್ಕೆ ಮಾತ್ರ ಹಿಡಿದರೂ ಅನುಮತಿ ಬೇಕೆ?
ಉತ್ತರ: ಬೇಕು. ಹಿಡಿದ ಮೀನನ್ನು ಮಾರಾಟ ಮಾಡದಿರುವುದು ಗುತ್ತಿಗೆದಾರರ ಹಕ್ಕನ್ನು ಕಡಿಮೆ ಮಾಡುವುದಿಲ್ಲ.

ಪ್ರಶ್ನೆ: ಸ್ಪ್ರಿಂಗ್ ಗಾಳವನ್ನು ಒಂದು ಗಾಳವೆಂದು ಪರಿಗಣಿಸಬಹುದೆ?
ಉತ್ತರ: ದಾರ ಒಂದೇ ಆದರೂ ಕೊಕ್ಕೆಗಳು ಹಲವು. ಅರ್ಜಿಯಲ್ಲಿ ಗಾಳಗಳ ಸಂಖ್ಯೆಯನ್ನೂ ಕೊಕ್ಕೆಗಳ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ತಿಳಿಸುವುದು ಸೂಕ್ತ.

ಪ್ರಶ್ನೆ: ಅನುಮತಿ ಇಲ್ಲದೆ ಗಾಳ ಹಾಕುವವರನ್ನು ಕಂಡ ಗುತ್ತಿಗೆದಾರರು ಏನು ಮಾಡಬೇಕು?
ಉತ್ತರ: ಮೊದಲು ನಿಯಮವನ್ನು ತಿಳಿಹೇಳುವುದು. ಮುಂದುವರಿದಲ್ಲಿ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಅಥವಾ ಪೊಲೀಸ್ ಠಾಣೆಗೆ ದೂರು ನೀಡುವುದು. ಸ್ವತಃ ದಂಡ ವಸೂಲಿ ಮಾಡುವುದು, ಸಲಕರಣೆ ಕಿತ್ತುಕೊಳ್ಳುವುದು ಅಥವಾ ಹಲ್ಲೆ ಮಾಡುವುದು ಸಲ್ಲದು.

ಪ್ರಶ್ನೆ: ಮಳೆಗಾಲದಲ್ಲಿ ಗಾಳ ಹಾಕಬಹುದೆ?
ಉತ್ತರ: ಮುಂಗಾರು ಮೀನುಗಳ ಸಂತಾನೋತ್ಪತ್ತಿಯ ಕಾಲ. ಆಯಾ ವರ್ಷದ ನಿಷೇಧ ಆದೇಶವನ್ನು ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಮುಂದುವರಿಯತಕ್ಕದ್ದು.

9. ಹೆಚ್ಚಿನ ಮಾಹಿತಿಗೆ

ಗ್ರಾಮ ಮಟ್ಟದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ತಾಲ್ಲೂಕು ಮಟ್ಟದಲ್ಲಿ ಮೀನುಗಾರಿಕೆ ಸಹಾಯಕ ನಿರ್ದೇಶಕರು, ಮುಳಬಾಗಿಲು ಹಾಗೂ ಜಿಲ್ಲಾ ಮಟ್ಟದಲ್ಲಿ ಮೀನುಗಾರಿಕೆ ಉಪ ನಿರ್ದೇಶಕರು, ಕೋಲಾರ ಇವರನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡುವುದು.